ಆ ಒಂದು ಕ್ಷಣ: ವಿದ್ಯಾರ್ಥಿ ಬದುಕಿನ ಸಹಜ ಚಿತ್ರಗಳ ಹಿಂದಿನ ಲೆಕ್ಕ

ಸಂಜೆ ಶಾಲೆ ಬಿಡುವ ಗಂಟೆ ಬಾರಿಸಿತು ಎನ್ನಿ. ಗೇಟಿನ ಹೊರಗೆ ರಸ್ತೆಯಲ್ಲಿ ಗದ್ದಲವೋ ಗದ್ದಲ. ಒಂದೇ ಸೈಕಲ್ಲನ್ನು ಮೂವರು ಹುಡುಗರು ಏರುವ ಪ್ರಯತ್ನದಲ್ಲಿದ್ದಾರೆ. ಇಬ್ಬರು ಹುಡುಗಿಯರು ಒಂದೇ ನೋಟ್‌ಬುಕ್ಕನ್ನು ಬಿಸಿಲಿಗೆ ಅಡ್ಡ ಹಿಡಿದು, ಯಾವುದೋ ಗುಟ್ಟು ಹೇಳಿಕೊಂಡು ನಗುತ್ತಿದ್ದಾರೆ. ಐಸ್‌ಕ್ಯಾಂಡಿ ಮಾರುವವನ ಮುಂದೆ ಚಿಕ್ಕವನೊಬ್ಬ ಅಂಗೈಯಲ್ಲಿನ ಚಿಲ್ಲರೆಯನ್ನು ಎರಡನೆಯ ಬಾರಿ ಎಣಿಸುತ್ತಿದ್ದಾನೆ. ‘ಎಂಥ ಒಳ್ಳೆಯ ಚಿತ್ರ!’ ಎಂದುಕೊಂಡು ನೀವು ಕ್ಯಾಮೆರಾವನ್ನೋ ಮೊಬೈಲ್ ಫೋನನ್ನೋ ಎತ್ತುತ್ತೀರಿ.

ಮುಂದೆ ಆಗುವುದು ಸಾಮಾನ್ಯವಾಗಿ ಎರಡರಲ್ಲಿ ಒಂದು. ನೀವು ಗುಂಡಿ ಒತ್ತುವ ವೇಳೆಗೆ ನಗು ಮುಗಿದಿರುತ್ತದೆ, ಸೈಕಲ್ ಮುಂದೆ ಹೋಗಿರುತ್ತದೆ. ಚಿತ್ರದಲ್ಲಿ ಸಿಕ್ಕುವುದು ಯಾರದೋ ಬೆನ್ನಿನ ಚೀಲ, ಅದೂ ಮಸುಕಾಗಿ. ಇಲ್ಲವೇ ನಿಮ್ಮನ್ನು ಕಂಡ ಮಕ್ಕಳೆಲ್ಲ ತಟ್ಟನೆ ತಿರುಗಿ, ಸಾಲಾಗಿ ನಿಂತು, ಎರಡು ಬೆರಳು ಎತ್ತಿ ಹಲ್ಲು ಬಿಡುತ್ತಾರೆ. ಮೊದಲನೆಯದರಲ್ಲಿ ಕ್ಷಣ ತಪ್ಪಿತು. ಎರಡನೆಯದರಲ್ಲಿ ಕ್ಷಣವೇ ಬದಲಾಯಿತು.

ಯಾರೂ ‘ಪೋಸು’ ಕೊಡದ, ನಡೆದದ್ದು ನಡೆದಂತೆಯೇ ಮೂಡಿದ ಚಿತ್ರವನ್ನು ಸಹಜ ಚಿತ್ರ ಎನ್ನೋಣ. ರಸ್ತೆ, ಬಸ್ ನಿಲ್ದಾಣ, ಆಟದ ಬಯಲು ಮುಂತಾದ ತೆರೆದ ಜಾಗಗಳಲ್ಲಿ ಇಂಥ ಚಿತ್ರ ತೆಗೆಯುವುದಕ್ಕೆ ಬೀದಿ ಛಾಯಾಗ್ರಹಣ ಎಂಬ ಹೆಸರಿದೆ. ಇಂಥ ಚಿತ್ರ ಸಿಗುವುದು ಅದೃಷ್ಟದಿಂದ ಎಂದು ಹಲವರು ಭಾವಿಸುತ್ತಾರೆ. ಅದೃಷ್ಟದ ಪಾಲು ಇದೆ, ನಿಜ. ಆದರೆ ಕ್ಷಣ ಬರುವ ಮೊದಲೇ ಮಾಡಿಟ್ಟುಕೊಂಡ ಸಿದ್ಧತೆಯ ಪಾಲು ಅದಕ್ಕಿಂತ ದೊಡ್ಡದು. ಈ ಸಿದ್ಧತೆಯ ಬಹುಭಾಗ ಪ್ರೌಢಶಾಲೆಯ ಭೌತವಿಜ್ಞಾನವೇ.

ಜನರಿಲ್ಲದ ಬೀದಿ

1838ರಲ್ಲಿ ಫ್ರಾನ್ಸಿನ ಲೂಯಿ ದಾಗೇರ್ ಪ್ಯಾರಿಸ್ಸಿನ ತನ್ನ ಮನೆಯ ಕಿಟಕಿಯಿಂದ ಎದುರಿನ ರಸ್ತೆಯ ಚಿತ್ರ ತೆಗೆದ. ಹಗಲಿನ ಹೊತ್ತು, ಬಂಡಿಗಳು, ಪಾದಚಾರಿಗಳು ಓಡಾಡುತ್ತಿದ್ದ ರಸ್ತೆ. ಆದರೆ ಚಿತ್ರದಲ್ಲಿ ರಸ್ತೆ ಬಹುತೇಕ ನಿರ್ಜನ! ಕಾರಣ ಸರಳ. ಆಗಿನ ರಾಸಾಯನಿಕ ಲೇಪದ ಮೇಲೆ ಬಿಂಬ ಮೂಡಲು ಹಲವು ನಿಮಿಷ ಬೆಳಕು ಬೀಳಬೇಕಿತ್ತು. ಚಲಿಸುತ್ತಿದ್ದವರು ಯಾವ ಒಂದು ಜಾಗದಲ್ಲೂ ಗುರುತು ಬಿಡುವಷ್ಟು ಹೊತ್ತು ನಿಲ್ಲಲಿಲ್ಲ. ರಸ್ತೆಯ ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದ ಒಬ್ಬ ವ್ಯಕ್ತಿ ಮಾತ್ರ ಚಿತ್ರದಲ್ಲಿ ಉಳಿದ. ಛಾಯಾಚಿತ್ರದಲ್ಲಿ ಮನುಷ್ಯರು ಕಾಣಿಸಿಕೊಂಡ ಮೊದಮೊದಲ ನಿದರ್ಶನಗಳಲ್ಲಿ ಇದು ಒಂದು.

ಹಳೆಯ ಕಾಲದ ತರಗತಿ ಚಿತ್ರಗಳಲ್ಲಿ ಮಕ್ಕಳು ಮರದ ಗೊಂಬೆಗಳಂತೆ ಬಿಗಿದು ಕುಳಿತಿರುವುದನ್ನು ನೀವು ನೋಡಿರಬಹುದು. ಅದು ಶಿಸ್ತಿನ ಪರಿಣಾಮವಷ್ಟೇ ಅಲ್ಲ. ಅಲುಗಾಡಿದರೆ ಮುಖ ಮಸುಕಾಗುತ್ತದೆಂಬ ಭಯವೂ ಅದರಲ್ಲಿತ್ತು. ಮುಂದೆ ಹೆಚ್ಚು ಸಂವೇದನಾಶೀಲ ಫಿಲ್ಮುಗಳು, ಹೆಚ್ಚು ಬೆಳಕು ಒಳಬಿಡುವ ಮಸೂರಗಳು ಬಂದವು. ಜರ್ಮನಿಯ ಆಸ್ಕರ್ ಬರ್ನಾಕ್ ಸಿನಿಮಾ ಫಿಲ್ಮನ್ನೇ ಬಳಸುವ ಪುಟ್ಟ ಕ್ಯಾಮೆರಾ ಒಂದನ್ನು ರೂಪಿಸಿದ. ಅದು 1925ರಲ್ಲಿ ‘ಲೈಕಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದರ ಚೌಕಟ್ಟಿನ ಅಳತೆ 36 ಮಿ.ಮೀ. × 24 ಮಿ.ಮೀ. ಮುಕ್ಕಾಲಿಯ ಮೇಲೆ ನಿಂತಿರುತ್ತಿದ್ದ ಕ್ಯಾಮೆರಾ ಈಗ ಅಂಗೈಗೆ ಬಂತು, ಬೀದಿಗೆ ಇಳಿಯಿತು.

ಒಂದು ಕ್ಷಣ ಎಂದರೆ ಎಷ್ಟು ಹೊತ್ತು?

ಕಣ್ಣು ಕಂಡದ್ದನ್ನು ಮಿದುಳು ಗ್ರಹಿಸಿ, ಬೆರಳಿಗೆ ಆಜ್ಞೆ ಕಳುಹಿಸಿ, ಬೆರಳು ಗುಂಡಿ ಒತ್ತಲು ಸ್ವಲ್ಪ ಕಾಲ ಬೇಕು. ಇದು ಪ್ರತಿಕ್ರಿಯಾ ಕಾಲ. ಅದನ್ನು ಅಳೆಯಲು ದುಬಾರಿ ಉಪಕರಣ ಬೇಡ, 30 ಸೆ.ಮೀ. ಅಳತೆಪಟ್ಟಿ ಸಾಕು.

ಹೀಗೆ ಮಾಡಿ ನೋಡಿ. ಗೆಳೆಯ ಅಥವಾ ಗೆಳತಿ ಅಳತೆಪಟ್ಟಿಯನ್ನು ಲಂಬವಾಗಿ, ಸೊನ್ನೆಯ ಗುರುತು ಕೆಳಗೆ ಬರುವಂತೆ ಹಿಡಿಯಲಿ. ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳು ಸೊನ್ನೆಯ ಎರಡೂ ಪಕ್ಕದಲ್ಲಿ, ಪಟ್ಟಿಯನ್ನು ಮುಟ್ಟದಂತೆ ಇರಲಿ. ಹೇಳದೆ ಕೇಳದೆ ಅವರು ಪಟ್ಟಿಯನ್ನು ಬಿಡಲಿ, ನೀವು ಹಿಡಿಯಿರಿ. ಎಷ್ಟು ಸೆ.ಮೀ. ಜಾರಿತೋ ಗುರುತಿಸಿಕೊಳ್ಳಿ. ನಿಶ್ಚಲ ಸ್ಥಿತಿಯಿಂದ ಬೀಳುವ ವಸ್ತು ಕ್ರಮಿಸಿದ ದೂರವು ಗುರುತ್ವ ವೇಗೋತ್ಕರ್ಷ ಮತ್ತು ಕಾಲದ ವರ್ಗ ಇವುಗಳ ಗುಣಲಬ್ಧದ ಅರ್ಧ ಎಂದು ನೀವು ಕಲಿತಿದ್ದೀರಿ. ಅದರಂತೆ ಲೆಕ್ಕ ಹಾಕಿದರೆ:

10 ಸೆ.ಮೀ. ಜಾರಿದ್ದರೆ ಕಾಲ 0.14 ಸೆಕೆಂಡ್
15 ಸೆ.ಮೀ. ಜಾರಿದ್ದರೆ 0.17 ಸೆಕೆಂಡ್
20 ಸೆ.ಮೀ. ಜಾರಿದ್ದರೆ 0.20 ಸೆಕೆಂಡ್
25 ಸೆ.ಮೀ. ಜಾರಿದ್ದರೆ 0.23 ಸೆಕೆಂಡ್

ಹೆಚ್ಚಿನವರ ಪ್ರತಿಕ್ರಿಯಾ ಕಾಲ 0.2 ಸೆಕೆಂಡಿನ ಆಸುಪಾಸಿನಲ್ಲಿರುತ್ತದೆ. ಅಷ್ಟೇ ತಾನೆ ಎನ್ನಬೇಡಿ. ಸೆಕೆಂಡಿಗೆ 5 ಮೀ. ವೇಗದಲ್ಲಿ ಓಡುವ ಬಾಲಕ ಅಷ್ಟರಲ್ಲಿ ಒಂದು ಮೀಟರು ಮುಂದೆ ಹೋಗಿರುತ್ತಾನೆ. ಇದು ನೀವು ಮೊದಲೇ ಬೆರಳನ್ನು ಗುಂಡಿಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದಾಗಿನ ಮಾತು. ಜೇಬಿನಿಂದ ಫೋನು ತೆಗೆದು, ಬೀಗ ತೆರೆದು, ಕ್ಯಾಮೆರಾ ಆರಿಸುವ ಹೊತ್ತಿಗೆ ಆತ ರಸ್ತೆಯ ತಿರುವಿನಲ್ಲಿರುತ್ತಾನೆ!

ಹಾಗಾದರೆ ‘ಕಂಡ ಮೇಲೆ ಒತ್ತುವುದು’ ಎಂಬ ಕ್ರಮದಲ್ಲೇ ತಪ್ಪಿದೆ. ಕಾಣುವ ಮೊದಲೇ ಊಹಿಸಬೇಕು. ನೆಗೆತದ ಉದಾಹರಣೆ ನೋಡಿ. ಹಗ್ಗದಾಟದಲ್ಲಿ ಹುಡುಗಿಯೊಬ್ಬಳು 30 ಸೆ.ಮೀ. ಮೇಲಕ್ಕೆ ಜಿಗಿದರೆ ಆಕೆ ಗಾಳಿಯಲ್ಲಿರುವುದು ಸುಮಾರು ಅರ್ಧ ಸೆಕೆಂಡ್. ನೆಲ ಬಿಟ್ಟ 0.25 ಸೆಕೆಂಡಿನಲ್ಲಿ ಅತ್ಯಂತ ಎತ್ತರ ತಲುಪುತ್ತಾಳೆ. ಆಕೆ ತುದಿಯಲ್ಲಿರುವುದನ್ನು ಕಂಡು ನೀವು ಒತ್ತಿದರೆ, ಚಿತ್ರ ಮೂಡುವ ವೇಳೆಗೆ ಆಕೆಯ ಕಾಲು ನೆಲಕ್ಕೆ ಹತ್ತಿರವಾಗಿರುತ್ತದೆ. ಕಾಲು ನೆಲ ಬಿಡುವುದನ್ನು ಕಂಡ ಕೂಡಲೇ ಒತ್ತಿದರೆ, ನಿಮ್ಮ 0.2 ಸೆಕೆಂಡಿನ ವಿಳಂಬವೇ ನಿಮ್ಮನ್ನು ತುದಿಯ ಸಮೀಪಕ್ಕೆ ಒಯ್ಯುತ್ತದೆ. ತುದಿಯಲ್ಲಿ ಲಂಬ ವೇಗ ಸೊನ್ನೆಯಾಗುವುದರಿಂದ ಮಸುಕೂ ಅಲ್ಲಿ ಅತಿ ಕಡಿಮೆ. ಮೇಲಕ್ಕೆಸೆದ ಚೆಂಡು, ಜೋಕಾಲಿಯ ತುತ್ತತುದಿ, ಚಪ್ಪಾಳೆಗೆ ಮುನ್ನ ಅಗಲಿದ ಕೈಗಳು, ಇವೆಲ್ಲಕ್ಕೂ ಇದೇ ತತ್ತ್ವ ಅನ್ವಯಿಸುತ್ತದೆ.

ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸೋ (1908–2004) 1952ರಲ್ಲಿ ಪ್ರಕಟಿಸಿದ ಚಿತ್ರಸಂಪುಟದ ಇಂಗ್ಲಿಷ್ ಆವೃತ್ತಿಯ ಹೆಸರು ‘ನಿರ್ಣಾಯಕ ಕ್ಷಣ’ ಎಂಬ ಅರ್ಥ ಕೊಡುತ್ತದೆ. ಆ ಮಾತು ಇಂದು ಬೀದಿ ಛಾಯಾಗ್ರಹಣದ ಮಂತ್ರವೇ ಆಗಿದೆ. ಆದರೆ ನಿರ್ಣಾಯಕ ಕ್ಷಣವನ್ನು ಬೆನ್ನಟ್ಟಿ ಹಿಡಿಯಲು ಮನುಷ್ಯನ ನರಮಂಡಲಕ್ಕೆ ಸಾಧ್ಯವಿಲ್ಲ. ಅದು ಎಲ್ಲಿ ಬರಬಹುದು ಎಂದು ಊಹಿಸಿ, ಅಲ್ಲಿ ಮೊದಲೇ ನಿಂತಿರಬೇಕು.

ಇಂದಿನ ಅನೇಕ ಮೊಬೈಲ್ ಫೋನುಗಳು ಇಲ್ಲೊಂದು ಉಪಾಯ ಮಾಡುತ್ತವೆ. ಕ್ಯಾಮೆರಾ ತೆರೆದಿರುವಷ್ಟು ಹೊತ್ತೂ ಅವು ಒಂದರ ಹಿಂದೆ ಒಂದರಂತೆ ಬಿಂಬಗಳನ್ನು ತಾತ್ಕಾಲಿಕ ಸ್ಮೃತಿಯಲ್ಲಿ ತುಂಬಿ ಅಳಿಸುತ್ತಿರುತ್ತವೆ. ನೀವು ಒತ್ತಿದಾಗ ಆ ಗಳಿಗೆಯ ಬಿಂಬವನ್ನು ಆರಿಸಿಕೊಳ್ಳುತ್ತವೆ. ಇದರಿಂದ ಉಪಕರಣದ ವಿಳಂಬ ಬಹುಮಟ್ಟಿಗೆ ತಪ್ಪುತ್ತದೆ. ನಿಮ್ಮ ವಿಳಂಬ ಮಾತ್ರ ಹಾಗೆಯೇ ಉಳಿಯುತ್ತದೆ.

ಓಟವನ್ನು ನಿಲ್ಲಿಸುವ ಷಟರ್

ಷಟರ್ ತೆರೆದಿರುವಷ್ಟು ಹೊತ್ತು ಬಿಂಬ ಸಂವೇದಕದ ಮೇಲೆ ಸರಿಯುತ್ತಿದ್ದರೆ ಚಿತ್ರ ಮಸುಕಾಗುತ್ತದೆ. ಎಷ್ಟು ಮಸುಕು? ಲೆಕ್ಕ ಹಾಕೋಣ. 36 × 24 ಮಿ.ಮೀ. ಸಂವೇದಕದ ಕ್ಯಾಮೆರಾಕ್ಕೆ 35 ಮಿ.ಮೀ. ಸಂಗಮ ದೂರದ ಮಸೂರ ಹಾಕಿದ್ದೀರಿ. ವಿದ್ಯಾರ್ಥಿ 5 ಮೀ. ದೂರದಲ್ಲಿ ಅಡ್ಡಲಾಗಿ ಸೆಕೆಂಡಿಗೆ 5 ಮೀ. ವೇಗದಲ್ಲಿ ಓಡುತ್ತಿದ್ದಾನೆ. ಬಿಂಬದ ಗಾತ್ರಕ್ಕೂ ವಸ್ತುವಿನ ಗಾತ್ರಕ್ಕೂ ಇರುವ ಅನುಪಾತ ಸುಮಾರಾಗಿ ಸಂಗಮ ದೂರ ಭಾಗಿಸು ವಸ್ತು ದೂರ, ಅಂದರೆ 35/5000, ಎಂದರೆ 7/1000. ಆದ್ದರಿಂದ ಸಂವೇದಕದ ಮೇಲೆ ಬಿಂಬ ಸೆಕೆಂಡಿಗೆ 35 ಮಿ.ಮೀ. ವೇಗದಲ್ಲಿ ಸರಿಯುತ್ತದೆ.

ಷಟರ್ ವೇಗ 1/60 ಸೆಕೆಂಡ್ ಇದ್ದರೆ ಬಿಂಬ ಸರಿಯುವುದು 0.58 ಮಿ.ಮೀ. ಚಿತ್ರವನ್ನು 30 ಸೆ.ಮೀ. ಅಗಲಕ್ಕೆ ಮುದ್ರಿಸಿದಾಗ ಇದು ಹಿಗ್ಗಿ ಸುಮಾರು 5 ಮಿ.ಮೀ. ಆಗುತ್ತದೆ. ಮುಖವೇ ಗುರುತು ಸಿಗದು! 1/1000 ಸೆಕೆಂಡ್ ಇದ್ದರೆ ಸರಿಯುವುದು 0.035 ಮಿ.ಮೀ.; ಮುದ್ರಣದಲ್ಲಿ 0.3 ಮಿ.ಮೀ. ಮಾತ್ರ. ನಡೆಯುವವರ ವೇಗ ಸೆಕೆಂಡಿಗೆ 1.4 ಮೀ. ಆಸುಪಾಸು, ಅವರಿಗೆ 1/250ರಿಂದ 1/500 ಸಾಕು. ಓಡುವವರು ನಿಮ್ಮ ಕಡೆಗೇ ಬರುತ್ತಿದ್ದರೆ ಬಿಂಬ ಪಕ್ಕಕ್ಕೆ ಸರಿಯುವುದು ಕಡಿಮೆಯಾದ್ದರಿಂದ ಇನ್ನೂ ನಿಧಾನದ ಷಟರ್ ನಡೆಯುತ್ತದೆ. ಹತ್ತಿರ ಹೋದಷ್ಟೂ ಅನುಪಾತ ಹೆಚ್ಚುತ್ತದೆ, ಮಸುಕೂ ಹೆಚ್ಚುತ್ತದೆ ಎಂಬುದನ್ನು ಮರೆಯಬೇಡಿ.

ಫೋಕಸ್ ಮಾಡದೆಯೇ ಫೋಕಸ್ ಮಾಡುವುದು

ಕ್ಯಾಮೆರಾ ತಾನಾಗಿ ಫೋಕಸ್ ಮಾಡಲು ಕೆಲವೊಮ್ಮೆ ತಡವಾಗುತ್ತದೆ. ಕೆಲವೊಮ್ಮೆ ಮುಖವನ್ನು ಬಿಟ್ಟು ಹಿಂದಿನ ಕಾಂಪೌಂಡ್ ಗೋಡೆಯನ್ನು ಹಿಡಿಯುತ್ತದೆ. ಹಳೆಯ ಬೀದಿ ಛಾಯಾಗ್ರಾಹಕರು ಇದಕ್ಕೊಂದು ಸುಲಭದ ದಾರಿ ಕಂಡುಕೊಂಡಿದ್ದರು. ಅವರು ಬಿಂದುವಿಗೆ ಫೋಕಸ್ ಮಾಡುತ್ತಿರಲಿಲ್ಲ. ಒಂದು ವಲಯವನ್ನೇ ಫೋಕಸ್‌ನಲ್ಲಿ ಇಟ್ಟುಕೊಳ್ಳುತ್ತಿದ್ದರು.

ಮಸೂರದ ಹಿಂದಿರುವ ಬೆಳಕಿಂಡಿಯನ್ನು ಅಪರ್ಚರ್ ಎನ್ನುತ್ತೇವೆ. ಎಫ್/8 ಎಂದರೆ ಕಿಂಡಿಯ ವ್ಯಾಸ ಸಂಗಮ ದೂರದ ಎಂಟನೆಯ ಒಂದು ಭಾಗ ಎಂದರ್ಥ. 35 ಮಿ.ಮೀ. ಮಸೂರದಲ್ಲಿ ಅದು ಸುಮಾರು 4.4 ಮಿ.ಮೀ.; ಎಫ್/2 ಆದರೆ 17.5 ಮಿ.ಮೀ. ಕಿಂಡಿ ಕಿರಿದಾದಷ್ಟೂ ಒಳಬರುವ ಕಿರಣಗಳ ಶಂಕು ಚೂಪಾಗುತ್ತದೆ. ಆಗ ಫೋಕಸ್ ತಪ್ಪಿದ ಬಿಂದುವೂ ದೊಡ್ಡ ಮಚ್ಚೆಯಾಗದೆ ಸಣ್ಣ ಚುಕ್ಕೆಯಾಗಿ ಉಳಿಯುತ್ತದೆ. ಈ ಗಾತ್ರದ ಸಂವೇದಕದಲ್ಲಿ ಚುಕ್ಕೆ 0.03 ಮಿ.ಮೀ. ಮೀರದಿದ್ದರೆ, ಸಾಮಾನ್ಯ ಅಳತೆಯ ಮುದ್ರಣದಲ್ಲಿ ಕಣ್ಣು ಅದನ್ನು ಬಿಂದು ಎಂದೇ ಒಪ್ಪಿಕೊಳ್ಳುತ್ತದೆ. ಹೀಗೆ ಸ್ಪಷ್ಟವಾಗಿ ಕಾಣುವ ವಲಯದ ಉದ್ದವೇ ಕ್ಷೇತ್ರದ ಆಳ.

35 ಮಿ.ಮೀ. ಮಸೂರವನ್ನು 3 ಮೀ. ದೂರಕ್ಕೆ ಫೋಕಸ್ ಮಾಡಿ ಅಲ್ಲಿಗೇ ಬಿಟ್ಟರೆ:

ಎಫ್/2ರಲ್ಲಿ ಸ್ಪಷ್ಟ ವಲಯ 2.6 ಮೀ. ನಿಂದ 3.5 ಮೀ. ವರೆಗೆ
ಎಫ್/2.8ರಲ್ಲಿ 2.5 ಮೀ. ನಿಂದ 3.8 ಮೀ. ವರೆಗೆ
ಎಫ್/8ರಲ್ಲಿ 1.9 ಮೀ. ನಿಂದ 7 ಮೀ. ವರೆಗೆ

ಎಫ್/8ರಲ್ಲಿ ನಿಮ್ಮ ಮುಂದೆ ಐದು ಮೀಟರ್ ಉದ್ದದ ವಲಯವೊಂದು ಸಿದ್ಧವಾಗಿದೆ. ಅದರೊಳಗೆ ಯಾರು ಬಂದರೂ ಸ್ಪಷ್ಟ. ಮಸೂರ ಮುಟ್ಟುವ ಕೆಲಸವೇ ಇಲ್ಲ. ನೀವು ಕಲಿಯಬೇಕಾದದ್ದು ಎರಡು ಮೀಟರ್ ಎಂದರೆ ಎಷ್ಟು, ಏಳು ಮೀಟರ್ ಎಂದರೆ ಎಷ್ಟು ಎಂದು ಕಣ್ಣಳತೆಯಲ್ಲಿ ಹೇಳುವುದನ್ನು. ಶಾಲೆಯ ಅಂಗಳದಲ್ಲಿ ಅಳತೆಟೇಪು ಹಿಡಿದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಒಂದು ವಾರ ಅಭ್ಯಾಸ ಮಾಡಿದರೆ ಇದು ಬರುತ್ತದೆ.

ಮೊಬೈಲ್ ಫೋನ್ ಬಳಸುವವರಿಗೆ ಇಲ್ಲಿ ಒಂದು ಅನುಕೂಲವಿದೆ. ಫೋನಿನ ಮುಖ್ಯ ಮಸೂರದ ನಿಜವಾದ ಸಂಗಮ ದೂರ ಸಾಮಾನ್ಯವಾಗಿ 5ರಿಂದ 7 ಮಿ.ಮೀ. ಅಷ್ಟೆ. ಆದ್ದರಿಂದ ಕಿಂಡಿ ಎಫ್/1.8ರಷ್ಟು ಅಗಲವಾಗಿದ್ದರೂ ಕ್ಷೇತ್ರದ ಆಳ ಬಹಳ ಹೆಚ್ಚು. ಒಂದೂವರೆ ಎರಡು ಮೀಟರಿನಿಂದಾಚೆ ಬಹುಪಾಲು ಎಲ್ಲವನ್ನೂ ಸ್ಪಷ್ಟವಾಗಿ ಹಿಡಿಯಬಹುದು. ಹಿನ್ನೆಲೆಯನ್ನು ಕೃತಕವಾಗಿ ಮಸುಕಾಗಿಸುವ ಸೌಲಭ್ಯವನ್ನು ಮಾತ್ರ ನಿಲ್ಲಿಸಿಡಿ. ಸಹಜ ಚಿತ್ರದಲ್ಲಿ ಹಿನ್ನೆಲೆಯೂ ಮಾತನಾಡುತ್ತದೆ: ಕರಿಹಲಗೆಯ ಮೇಲಿನ ಅರೆ ಅಳಿಸಿದ ಸಮೀಕರಣ, ಕಿಟಕಿಯ ಸರಳಿಗೆ ನೇತು ಹಾಕಿದ ಊಟದ ಚೀಲ, ಗೋಡೆಯ ಮೇಲಿನ ಜಿಲ್ಲಾ ನಕ್ಷೆ.

ಬೆಳಕಿನ ಬಜೆಟ್ಟು

ಷಟರ್ ವೇಗ ಹೆಚ್ಚಿಸಿದರೆ ಬೆಳಕು ಕಡಿಮೆ. ಕಿಂಡಿ ಕಿರಿದು ಮಾಡಿದರೆ ಇನ್ನೂ ಕಡಿಮೆ. ಓಟವೂ ನಿಲ್ಲಬೇಕು, ವಲಯವೂ ಉದ್ದವಿರಬೇಕು ಎಂದರೆ ಬೆಳಕು ಎಲ್ಲಿಂದ ಬರಬೇಕು? ಸಂಸಾರದ ಖರ್ಚಿನಂತೆ ಇಲ್ಲೂ ಒಂದಕ್ಕೆ ಕೊಟ್ಟದ್ದನ್ನು ಇನ್ನೊಂದರಿಂದ ಕಳೆಯಬೇಕು.

ಫಿಲ್ಮಿನ ಕಾಲದಿಂದ ಬಂದ ಸರಳ ಸೂತ್ರವೊಂದಿದೆ. ನಿಚ್ಚಳ ಬಿಸಿಲಿನಲ್ಲಿ ಅಪರ್ಚರನ್ನು ಎಫ್/16ಕ್ಕೆ ಇಟ್ಟರೆ, ಐ.ಎಸ್.ಓ. ಸಂಖ್ಯೆಯ ವ್ಯುತ್ಕ್ರಮವೇ ಷಟರ್ ವೇಗ. ಐ.ಎಸ್.ಓ. 400 ಇದ್ದರೆ 1/400 ಸೆಕೆಂಡ್. ಎಫ್/8ಕ್ಕೆ ಬಂದರೆ ಕಿಂಡಿಯ ವ್ಯಾಸ ಎರಡರಷ್ಟು, ವಿಸ್ತೀರ್ಣ ನಾಲ್ಕರಷ್ಟು. ಆದ್ದರಿಂದ ಷಟರ್ 1/1600. ಆಟದ ಬಯಲಿನಲ್ಲಿ ಖೋ ಖೋ ಆಡುವವರಿಗೆ ಇದು ಬೇಕಾದಷ್ಟಾಯಿತು. ಮರದ ನೆರಳು, ಶಾಲೆಯ ಜಗಲಿಗಳಲ್ಲಿ ಬೆಳಕು ಸುಮಾರು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅದೇ ಎಫ್/8, ಐ.ಎಸ್.ಓ. 400ಕ್ಕೆ ಷಟರ್ 1/200. ಕುಳಿತು ಹರಟುವವರಿಗೆ, ಬಿಸಿಯೂಟದ ಪಂಕ್ತಿಗೆ ಇದು ಸಾಕು, ಓಡುವವರಿಗೆ ಸಾಲದು.

ತರಗತಿಯೊಳಗೆ ಬಂದರೆ ಬೆಳಕು ಕುಸಿಯುತ್ತದೆ. ಹೊರಗಿನ ಬಿಸಿಲು ಒಂದು ಲಕ್ಷ ಲಕ್ಸ್‌ನ ಆಸುಪಾಸು. ಒಳಗೆ ಕೆಲವು ನೂರು ಲಕ್ಸ್ ಮಾತ್ರ. ಕಣ್ಣು ತಾನಾಗಿ ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ತಿಳಿಯುವುದೇ ಇಲ್ಲ. ಇಲ್ಲಿ ಎಫ್/2.8, ಐ.ಎಸ್.ಓ. 1600, 1/250 ಸೆಕೆಂಡ್ ಎಂದು ಆರಂಭಿಸಿ ನೋಡಿ. ಮೇಲಿನ ಪಟ್ಟಿಯಂತೆ ಸ್ಪಷ್ಟ ವಲಯ ಈಗ ಒಂದೂಕಾಲು ಮೀಟರಿಗೆ ಕುಗ್ಗಿತು ಎಂಬುದು ನೆನಪಿರಲಿ.

ಐ.ಎಸ್.ಓ. ಹೆಚ್ಚಿಸಿದರೆ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುವುದೇಕೆ? ಬೆಳಕು ಫೋಟಾನುಗಳ ರೂಪದಲ್ಲಿ ಬರುತ್ತದೆ, ಮಳೆಹನಿಗಳಂತೆ ಏರುಪೇರಾಗಿ. ಸಂವೇದಕದ ಒಂದು ಪುಟ್ಟ ಕೋಶಕ್ಕೆ ಸರಾಸರಿ 10,000 ಫೋಟಾನು ಬಿದ್ದರೆ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ 100, ಶೇಕಡ 1. ಬೀಳುವುದೇ 100 ಫೋಟಾನು ಆದರೆ ಏರುಪೇರು 10, ಶೇಕಡ 10. ಐ.ಎಸ್.ಓ. ಹೆಚ್ಚಿಸುವುದೆಂದರೆ ಬೆಳಕನ್ನು ಹೆಚ್ಚಿಸುವುದಲ್ಲ. ಸಿಕ್ಕ ಸ್ವಲ್ಪ ಬೆಳಕಿನ ಸಂಕೇತವನ್ನು, ಅದರ ಏರುಪೇರಿನ ಸಮೇತ ಹಿಗ್ಗಿಸುವುದು. ಆದರೂ ಮರಳಿನಂಥ ಚಿತ್ರ ಮಸುಕಾದ ಚಿತ್ರಕ್ಕಿಂತ ಮೇಲು. ಮುಖದ ಭಾವ ಅದರಲ್ಲಿ ಉಳಿದಿರುತ್ತದೆ. ಫ್ಲಾಷ್ ಮಾತ್ರ ಬೇಡ. ಒಮ್ಮೆ ಮಿಂಚಿತೆಂದರೆ ತರಗತಿಯೇ ನಿಮ್ಮತ್ತ ತಿರುಗುತ್ತದೆ.

ಮರೆಯಾಗುವುದಲ್ಲ, ಮರೆತುಹೋಗುವುದು

ಇನ್ನು ಎರಡನೆಯ ಸಮಸ್ಯೆ. ಅಳೆಯುವ ಸಾಧನ ಅಳೆಯಬೇಕಾದ ವ್ಯವಸ್ಥೆಯನ್ನೇ ಬದಲಿಸುವುದುಂಟು. ಬಿಸಿನೀರಿಗಿಟ್ಟ ತಾಪಮಾಪಕ ಸ್ವಲ್ಪ ಉಷ್ಣವನ್ನು ತಾನೂ ಹೀರಿಕೊಳ್ಳುತ್ತದೆ. ಹಾಗೆಯೇ ಮಕ್ಕಳ ನಡುವೆ ಎತ್ತಿದ ಕ್ಯಾಮೆರಾ ಅವರ ವರ್ತನೆಯನ್ನು ಬದಲಿಸುತ್ತದೆ.

ಕ್ಯಾಮೆರಾ ಬಚ್ಚಿಡುವುದು ಇದಕ್ಕೆ ಒಂದು ಉಪಾಯ. ಅಮೆರಿಕದ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕೋಟಿನೊಳಗೆ ಕ್ಯಾಮೆರಾ ಮರೆಮಾಡಿ ಪ್ರಯಾಣಿಕರ ಚಿತ್ರ ತೆಗೆದ. ಆದರೆ ಅವುಗಳ ಪುಸ್ತಕ ಹೊರಬಂದದ್ದು 1966ರಲ್ಲಿ, ಕಾಲು ಶತಮಾನ ಕಳೆದ ಮೇಲೆ. ಶಾಲೆಯಲ್ಲಿ ಈ ದಾರಿ ಸಲ್ಲದು. ಶಿಕ್ಷಕರನ್ನು ನಂಬುವ ಮಕ್ಕಳ ನಡುವೆ ಕದ್ದು ಚಿತ್ರ ತೆಗೆಯುವುದು ಆ ನಂಬಿಕೆಗೇ ಪೆಟ್ಟು.

ಇನ್ನೊಂದು ಉಪಾಯವನ್ನು ಪ್ರಾಣಿವರ್ತನೆಯನ್ನು ಅಭ್ಯಸಿಸುವವರಿಂದ ಕಲಿಯಬಹುದು. ಕಾಡಿನಲ್ಲಿ ಕೋತಿಗಳ ಗುಂಪನ್ನು ಗಮನಿಸುವವರು ಮೊದಲ ದಿನಗಳನ್ನು ಸುಮ್ಮನೆ ಅವುಗಳ ಎದುರಿಗೇ ಕಳೆಯುತ್ತಾರೆ. ಅಪಾಯವನ್ನೂ ತರದ, ಲಾಭವನ್ನೂ ಕೊಡದ ಪ್ರಚೋದನೆ ಮತ್ತೆ ಮತ್ತೆ ಎದುರಾದಾಗ ಪ್ರಾಣಿಗಳು ಅದಕ್ಕೆ ಪ್ರತಿಕ್ರಿಯಿಸುವುದನ್ನು ನಿಲ್ಲಿಸುತ್ತವೆ. ಮನುಷ್ಯರೂ ಇದಕ್ಕೆ ಹೊರತಲ್ಲ. ಮೊದಲ ದಿನ ಎಲ್ಲರಿಗೂ ಕ್ಯಾಮೆರಾ ತೋರಿಸಿ. ಬೇಕೆಂದವರಿಗೆ ಪೋಸಿನ ಚಿತ್ರವನ್ನೂ ತೆಗೆದುಕೊಡಿ. ಎರಡನೆಯ ದಿನ ಅದನ್ನು ಕುತ್ತಿಗೆಗೆ ಹಾಕಿಕೊಂಡು ಅಲ್ಲೇ ಇರಿ. ದಿನ ಕಳೆದಂತೆ ನೀವು ಆ ಜಾಗದ ಗೋಡೆ ಗಡಿಯಾರದಂತೆ ಆಗುತ್ತೀರಿ: ಇದ್ದೀರೆಂದು ಎಲ್ಲರಿಗೂ ಗೊತ್ತು, ಆದರೆ ಯಾರೂ ನೋಡುತ್ತಿಲ್ಲ.

ಗಡಿಯಾರ ಎಂದಾಗ ಫ್ರಾನ್ಸಿನ ರಾಬೇರ್ ದುವಾನೋ 1956ರಲ್ಲಿ ಪ್ಯಾರಿಸ್ಸಿನ ಶಾಲೆಯೊಂದರಲ್ಲಿ ತೆಗೆದ ಚಿತ್ರ ನೆನಪಾಗುತ್ತದೆ. ಪಾಠದ ನಡುವೆ ಹುಡುಗನೊಬ್ಬ ಗೋಡೆಯ ಗಡಿಯಾರದತ್ತ ಕಣ್ಣು ಹಾಯಿಸಿದ್ದಾನೆ, ಅಷ್ಟೆ. ಆದರೆ ಶಾಲೆಗೆ ಹೋದ ಯಾರಿಗೂ ಅದಕ್ಕೆ ವಿವರಣೆ ಬೇಡ. ನಮ್ಮವರಾದ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರೂ ಮಕ್ಕಳ ಸಹಜ ಚಿತ್ರಗಳಿಗೆ ಹೆಸರಾದವರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ನಡೆಯಿತು.

ನಿಲ್ಲುವ ಜಾಗದ ಬಗ್ಗೆ ಎರಡು ಮಾತು. ದೂರ ನಿಂತು ಮೊಬೈಲಿನಲ್ಲಿ ಹಿಗ್ಗಿಸಬೇಡಿ. ಮುಖ್ಯ ಮಸೂರದ ಬಿಂಬವನ್ನೇ ಕತ್ತರಿಸಿ ಮೂರು ಪಟ್ಟು ಹಿಗ್ಗಿಸಿದರೆ ಉಳಿಯುವುದು ಒಂಬತ್ತನೆಯ ಒಂದು ಭಾಗ. 12 ಮೆಗಾಪಿಕ್ಸೆಲ್ ಚಿತ್ರ 1.3 ಮೆಗಾಪಿಕ್ಸೆಲ್ ಆಗುತ್ತದೆ. ಎರಡು ಹೆಜ್ಜೆ ಮುಂದೆ ಹೋಗಿ. ಹಾಗೆಯೇ ಚಿಕ್ಕ ಮಕ್ಕಳ ಚಿತ್ರ ತೆಗೆಯುವಾಗ ಮಂಡಿಯೂರಿ, ಮಸೂರವನ್ನು ಅವರ ಕಣ್ಣಿನ ಎತ್ತರಕ್ಕೆ ತನ್ನಿ. ಮೇಲಿನಿಂದ ನೋಡಿದಾಗ ತಲೆ ದೊಡ್ಡದಾಗಿ, ಕಾಲು ಸಣ್ಣದಾಗಿ ಕಾಣುತ್ತದೆ. ಮಗು ನೋಡುತ್ತಿರುವ ಲೋಕವೂ ಕಾಣುವುದಿಲ್ಲ.

ತೆಗೆಯಬಾರದ ಚಿತ್ರ

ಈಗ ಕಷ್ಟದ ಪ್ರಶ್ನೆ. ಪರೀಕ್ಷೆಯ ಫಲಿತಾಂಶ ಬಂದ ದಿನ. ಸೂಚನಾ ಫಲಕದ ಮುಂದೆ ಒಬ್ಬ ಹುಡುಗ ತನ್ನ ಸಂಖ್ಯೆ ಕಾಣದೆ ಕಂಬಕ್ಕೆ ಒರಗಿ ಅಳುತ್ತಿದ್ದಾನೆ. ಬೆಳಕು ಚೆನ್ನಾಗಿದೆ, ದೂರ ಮೂರು ಮೀಟರ್, ಎಲ್ಲ ಸಿದ್ಧವಾಗಿದೆ. ಒತ್ತಬೇಕೇ?

ಲೆಕ್ಕ ಇಲ್ಲಿ ಉತ್ತರ ಕೊಡುವುದಿಲ್ಲ. ಆದರೆ ಒಂದು ಪರೀಕ್ಷೆ ಇದೆ. ಈ ಚಿತ್ರವನ್ನು ನಾಳೆ ಬೆಳಿಗ್ಗೆ ಅದೇ ಫಲಕದ ಮೇಲೆ ಅಂಟಿಸಿದರೆ ಆ ಹುಡುಗ ಶಾಲೆಗೆ ಬರುತ್ತಾನೆಯೇ? ಬರಲಾರ ಎನಿಸಿದರೆ ಕ್ಯಾಮೆರಾ ಕೆಳಗಿಳಿಸಿ ಅವನ ಹತ್ತಿರ ಹೋಗಿ. ಛಾಯಾಗ್ರಾಹಕನಿಗಿಂತ ಮೊದಲು ಅಲ್ಲಿ ಒಬ್ಬ ಶಿಕ್ಷಕ ಅಥವಾ ಗೆಳೆಯ ಬೇಕಾಗಿದ್ದಾನೆ.

ಒಂದು ಕಾಲದಲ್ಲಿ ಚಿತ್ರ ಆಲ್ಬಮ್ಮಿನಲ್ಲಿ ಉಳಿಯುತ್ತಿತ್ತು. ಇಂದು ಅದು ನಿಮಿಷಾರ್ಧದಲ್ಲಿ ನೂರಾರು ಫೋನುಗಳಿಗೆ ಹರಡುತ್ತದೆ. ಹಿಂದಕ್ಕೆ ಪಡೆಯುವ ದಾರಿ ಇಲ್ಲ. ಆದ್ದರಿಂದ ಈ ನಿಯಮಗಳನ್ನು ಇಟ್ಟುಕೊಳ್ಳಿ. ಚಿತ್ರ ತೆಗೆಯುವ ಕಾರ್ಯಕ್ರಮದ ಬಗ್ಗೆ ಮುಖ್ಯೋಪಾಧ್ಯಾಯರಿಗೂ ಪೋಷಕರಿಗೂ ಮೊದಲೇ ತಿಳಿಸಿ, ಒಪ್ಪಿಗೆ ಪಡೆಯಿರಿ. ‘ಬೇಡ’ ಎಂದ ವಿದ್ಯಾರ್ಥಿಯನ್ನು ಕಾರಣ ಕೇಳದೆ ಬಿಟ್ಟುಬಿಡಿ. ತೆಗೆದ ಚಿತ್ರವನ್ನು ಅದರಲ್ಲಿರುವವರಿಗೆ ತೋರಿಸಿ, ಅವರು ಅಳಿಸಿ ಎಂದರೆ ಅಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ವೈಯಕ್ತಿಕ ಮಾಹಿತಿಯನ್ನು ಸಂಸ್ಥೆಗಳು ಬಳಸುವ ಮುನ್ನ ಪೋಷಕರ ಒಪ್ಪಿಗೆ ಪಡೆಯಬೇಕೆಂಬ ನಿಯಮವನ್ನು ಇರಿಸಿದೆ.

ಕಣ್ಣಿಗೆ ಕಾಣದ ಇನ್ನೊಂದು ಅಪಾಯವನ್ನೂ ತಿಳಿದಿರಿ. ಮೊಬೈಲ್ ಚಿತ್ರದ ಕಡತದಲ್ಲಿ ಬಿಂಬದ ಜೊತೆಗೆ ದಿನಾಂಕ, ವೇಳೆ, ಷಟರ್ ವೇಗ ಮೊದಲಾದ ವಿವರಗಳೂ ಅಡಗಿರುತ್ತವೆ. ಸ್ಥಳ ಗುರುತಿಸುವ ಸೌಲಭ್ಯ ಚಾಲೂ ಇದ್ದರೆ ಅಕ್ಷಾಂಶ ರೇಖಾಂಶಗಳೂ ಸೇರುತ್ತವೆ. ಒಂದು ಮಗು ದಿನವೂ ಎಷ್ಟು ಹೊತ್ತಿಗೆ ಯಾವ ಬಸ್ ನಿಲ್ದಾಣದಲ್ಲಿರುತ್ತದೆ ಎಂಬುದನ್ನು ಅಪರಿಚಿತರಿಗೆ ಹೇಳಲು ಇಷ್ಟು ಸಾಕು. ಚಿತ್ರ ತೆಗೆಯುವ ಮೊದಲು ಕ್ಯಾಮೆರಾದ ಸ್ಥಳ ಗುರುತನ್ನು ನಿಲ್ಲಿಸಿ.

ಪ್ರಾಮಾಣಿಕತೆಯ ಮಾತೂ ಇದೆ. ಮೇಲೆ ಹೇಳಿದ ದುವಾನೋ 1950ರಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ಚುಂಬಿಸುತ್ತಿರುವ ಪ್ರೇಮಿಗಳ ಚಿತ್ರ ತೆಗೆದಿದ್ದ. ಅದು ಆಕಸ್ಮಿಕವಾಗಿ ಸಿಕ್ಕ ದೃಶ್ಯವೆಂದೇ ಲೋಕ ದಶಕಗಳ ಕಾಲ ನಂಬಿತ್ತು. ಆತ ಇಬ್ಬರು ನಟನಾ ವಿದ್ಯಾರ್ಥಿಗಳನ್ನು ಕೇಳಿಕೊಂಡು ಅದನ್ನು ತೆಗೆದಿದ್ದ ಎಂಬುದು 1990ರ ದಶಕದಲ್ಲಿ ನ್ಯಾಯಾಲಯದವರೆಗೆ ಹೋದ ಮೊಕದ್ದಮೆಯೊಂದರ ವೇಳೆ ಬೆಳಕಿಗೆ ಬಂತು. ಚಿತ್ರ ಸುಂದರವೇ, ಆದರೆ ಅದು ದಾಖಲೆಯಲ್ಲ. ಶಾಲಾ ಸಂಚಿಕೆಯಲ್ಲಿ ಹೇಳಿ ಮಾಡಿಸಿದ ಚಿತ್ರವನ್ನು ಸಹಜ ಚಿತ್ರವೆಂದು ಅಚ್ಚು ಹಾಕುವುದು, ಮಾಡದ ಪ್ರಯೋಗದ ಅಂಕಿಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಂತೆ.

ನಿಮ್ಮ ಶಾಲೆಯಲ್ಲಿ ಹೀಗೆ ಮಾಡಬಹುದು

‘ನಮ್ಮ ಶಾಲೆಯ ಒಂದು ದಿನ’ ಎಂಬ ಯೋಜನೆ ಕೈಗೊಳ್ಳಿ. ನಾಲ್ಕೈದು ವಿದ್ಯಾರ್ಥಿಗಳ ತಂಡ ಸಾಕು. ಕ್ಯಾಮೆರಾ ಒಂದೇ ಇರಲಿ. ಮೊದಲ ವಾರ ಅಳತೆಪಟ್ಟಿಯ ಪ್ರಯೋಗ ಮಾಡಿ ಪ್ರತಿಯೊಬ್ಬರ ಪ್ರತಿಕ್ರಿಯಾ ಕಾಲವನ್ನು ಹತ್ತು ಬಾರಿ ಅಳೆದು ಸರಾಸರಿ ಬರೆದಿಡಿ. ಎರಡನೆಯ ವಾರ ಕಣ್ಣಳತೆಯ ಅಭ್ಯಾಸ. ಮೂರನೆಯ ವಾರ ಅಂಗಳ, ಜಗಲಿ, ತರಗತಿಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಯಾವ ಷಟರ್ ವೇಗ ಹೊಂದುತ್ತದೆ ಎಂದು ಕೋಷ್ಟಕ ತಯಾರಿಸಿ. ನಾಲ್ಕನೆಯ ವಾರ ಚಿತ್ರ ತೆಗೆಯಿರಿ. ಪ್ರತಿ ಚಿತ್ರಕ್ಕೂ ವೇಳೆ, ದೂರ, ಷಟರ್, ಅಪರ್ಚರ್ ಬರೆಯಿರಿ. ಸೋತ ಚಿತ್ರಕ್ಕೆ ಸೋತದ್ದೇಕೆ ಎಂಬ ಒಂದು ವಾಕ್ಯವನ್ನೂ ಬರೆಯಿರಿ. ತಡವಾಯಿತೇ, ಮಸುಕಾಯಿತೇ, ಫೋಕಸ್ ತಪ್ಪಿತೇ, ಕ್ಯಾಮೆರಾ ಕಂಡು ಅವರು ಬದಲಾದರೇ? ತಿಂಗಳ ಕೊನೆಗೆ ಯಾವ ಕಾರಣ ಎಷ್ಟು ಬಾರಿ ಬಂತು ಎಂದು ಎಣಿಸಿದರೆ, ಮುಂದಿನ ತಿಂಗಳು ಯಾವುದನ್ನು ತಿದ್ದಿಕೊಳ್ಳಬೇಕೆಂಬುದು ತಾನಾಗಿ ತಿಳಿಯುತ್ತದೆ.

ಆಯ್ದ ಹತ್ತು ಚಿತ್ರಗಳನ್ನು ಒಪ್ಪಿಗೆಯೊಂದಿಗೆ ಮುದ್ರಿಸಿ, ಹಿಂಬದಿಯಲ್ಲಿ ದಿನಾಂಕ ಮತ್ತು ಸ್ಥಳ ಬರೆದು, ಶಾಲೆಯ ಗ್ರಂಥಾಲಯದಲ್ಲಿಡಿ. ವರ್ಷಾಂತ್ಯದ ಗುಂಪುಚಿತ್ರದಿಂದ ಆ ವರ್ಷ ತರಗತಿಯಲ್ಲಿ ಯಾರು ಯಾರು ಇದ್ದರೆಂದು ತಿಳಿಯುತ್ತದೆ. ಅವರು ಯಾವ ಮರದ ಕೆಳಗೆ ಊಟ ಮಾಡುತ್ತಿದ್ದರು, ಯಾರ ಹೆಗಲ ಮೇಲೆ ಯಾರ ಕೈ ಇರುತ್ತಿತ್ತು, ಪಾಠದ ನಡುವೆ ಎಷ್ಟು ಸಲ ಗಡಿಯಾರ ನೋಡುತ್ತಿದ್ದರು ಎಂಬುದನ್ನು ತಿಳಿಯಲು ಈ ಹತ್ತು ಚಿತ್ರಗಳೇ ಬೇಕು. ನಾಳೆ ಬೆಳಿಗ್ಗೆ ಶಾಲೆಗೆ ಹೋಗುವಾಗ ಚೀಲದಲ್ಲಿ ಅಳತೆಪಟ್ಟಿಯೊಂದನ್ನು ಇಟ್ಟುಕೊಳ್ಳಿ. ಕೆಲಸ ಅಲ್ಲಿಂದಲೇ ಆರಂಭವಾಗಲಿ.